ಎಡಚಿಗೊಂದು ಕತ್ತರಿ

ಅಂಗಡಿ ಮುಚ್ಚು ಎಂದು ಮಗಳು ಮೊದಲ ಸಲ ಹೇಳಿದಾಗ ನಕ್ಕುಬಿಟ್ಟೆ. ಎರಡನೆಯ ಸಲ ಹೇಳಿದಾಗ ಫೋನ್ ಕಟ್ ಮಾಡಿದೆ. ಮೂರನೆಯ ಸಲ ಅವಳು ಫೋನಿನಲ್ಲಿ ಹೇಳಲಿಲ್ಲ. ಡಿಯರ್‌ಬಾರ್ನ್‌ನಿಂದ ಐದು ತಾಸು ಕಾರು ಓಡಿಸಿಕೊಂಡು ನಾನಿರುವ ಸ್ಕೋಕಿಗೆ ಬಂದು, ನನ್ನ ಹೊಲಿಗೆ ಮಷೀನಿನ ಎದುರು ಗಿರಾಕಿಗಳ ಕುರ್ಚಿಯಲ್ಲಿ ಕೂತು, ನನ್ನ ಎಡಗೈಯನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡು ಹೇಳಿದಳು.

"ಅವ್ವಾ, ಡಾಕ್ಟರ್ ಏನಂದ್ರು? ಹೆಬ್ಬೆರಳಿನ ಕೀಲು ಸವದೈತಿ, ಇನ್ನ ಕತ್ತರಿ ಹಿಡೀಬ್ಯಾಡ್ರಿ ಅಂದ್ರೋ ಇಲ್ಲೋ? ಲೀಸ್ ಹೆಂಗೂ ತಿಂಗಳ ಕಡೀಕ ಮುಗೀತೈತಿ. ರಿನ್ಯೂ ಮಾಡಬ್ಯಾಡ. ನಮ್ಮ ಮನ್ಯಾಗ ಒಂದು ರೂಮು ಖಾಲಿ ಐತಿ. ಬೀದಿಗೊಂದು ಹಲಾಲ್ ಅಂಗಡಿ, ನಡಕೊಂಡು ಹೋಗೂ ದೂರದಾಗ ಮಸೂತಿ. ಇನ್ನೇನು ಬೇಕು ನಿನಗ?"

"ಅಲ್ಲಿ ಬಂದು ಏನು ಮಾಡ್ಲಿ?"

"ಏನೂ ಮಾಡಬ್ಯಾಡ. ರೆಸ್ಟ್ ತಗೋ."

ಅವಳು ಕಾರಿನ ಕಂಪನಿಯಲ್ಲಿ ಇಂಜಿನಿಯರ್. ಯಾವ ಭಾಗ ಎಷ್ಟು ಸಾವಿರ ಮೈಲಿಗೆ ಸವೆಯುತ್ತದೆ ಎಂಬ ಲೆಕ್ಕವೇ ಅವಳ ಕೆಲಸ. ಅವ್ವನನ್ನೂ ಹಾಗೆಯೇ ನೋಡಿದಳು. ನಾನು ಕೈ ಹಿಂದಕ್ಕೆ ಎಳೆದುಕೊಂಡು, ತಿಂಗಳ ಕೊನೆಗೆ ಇನ್ನೂ ಮೂರು ವಾರವಿದೆ, ಅಷ್ಟರೊಳಗೆ ಹೇಳುತ್ತೇನೆ ಎಂದೆ. ಹೇಳುವುದೇನು, ಮನಸ್ಸಿನಲ್ಲಿ ಆಗಲೇ ಇಲ್ಲ ಎಂದಾಗಿತ್ತು. ಆದರೆ ಕೈ ನಿಜವಾಗಿಯೂ ನೋಯುತ್ತಿತ್ತು. ಬೆಳಿಗ್ಗೆ ಹಲ್ಲುಜ್ಜುವ ಪೇಸ್ಟಿನ ಮುಚ್ಚಳ ತಿರುವಲೂ ಬಲಗೈಯನ್ನು ಕರೆಯಬೇಕಾಗಿತ್ತು. ಮೊಂಡುತನದಿಂದ ಲೀಸಿಗೆ ಸಹಿ ಹಾಕಬಹುದು, ಆದರೆ ಬಟ್ಟೆ ಕತ್ತರಿಸುವುದಕ್ಕೆ ಕೈ ಬೇಕಲ್ಲ. ಅದನ್ನು ಒಪ್ಪಿಕೊಳ್ಳಲು ನನಗೆ ಸಿಟ್ಟು.

ನಾನು ಎಡಚಿ. ನಾವು ಪಿಂಜಾರರು, ನಮಾಜು ಅರಬ್ಬಿಯಲ್ಲಿ, ಜಗಳ ಕನ್ನಡದಲ್ಲಿ. ರಾಣೆಬೆನ್ನೂರಿನಲ್ಲಿ ಅಪ್ಪ ಅರಳೆ ಹಿಂಜಿ ಗಾದಿ ಹೊಲಿಯುತ್ತಿದ್ದ. ಎಡಗೈಯಿಂದ ಊಟಕ್ಕೆ ಕೈ ಹಾಕಿದರೆ ಅವ್ವನ ಏಟು, ಎಡಗೈಯಿಂದ ಏನಾದರೂ ಕೊಟ್ಟರೆ ಅಜ್ಜಿಯ ಏಟು, ಎಡಗೈಯಿಂದ ಬರೆದರೆ ಬೆರಳ ಗಣ್ಣಿನ ಮೇಲೆ ಮಾಸ್ತರರ ಪಟ್ಟಿಯ ಏಟು. ಊಟ, ಬರಹ, ಕೊಡುವುದು, ತೆಗೆದುಕೊಳ್ಳುವುದು ಎಲ್ಲವನ್ನೂ ಬಲಕ್ಕೆ ತಿರುಗಿಸಿಕೊಂಡೆ. ಕತ್ತರಿ ಮಾತ್ರ ತಿರುಗಲಿಲ್ಲ. ಎಡಗೈಯಲ್ಲಿ ಹಿಡಿದರೆ ಅದು ನನ್ನ ಮಾತು ಕೇಳುತ್ತಿತ್ತು, ಬಲಗೈಯಲ್ಲಿ ಹಿಡಿದರೆ ಯಾರದೋ ಮಾತು. ಆದರೆ ಕತ್ತರಿಗಳನ್ನು ಮಾಡುವವರು ಬಲಗೈಯವರಿಗೆಂದೇ ಮಾಡುತ್ತಾರೆ. ಹಿಡಿಕೆಯ ಬಾಗು ಅವರ ಹೆಬ್ಬೆರಳಿಗೆ. ಅಲಗುಗಳು ಕೂಡುವ ರೀತಿಯೂ ಅವರ ಕೈಗೆ. ಎಡಗೈಯಲ್ಲಿ ಹಿಡಿದು ಸುಮ್ಮನೆ ಅದುಮಿದರೆ ಬಟ್ಟೆ ತುಂಡಾಗುವುದಿಲ್ಲ, ಅಲಗುಗಳ ನಡುವೆ ಮಡಚಿಕೊಳ್ಳುತ್ತದೆ. ಹೆಬ್ಬೆರಳಿನಿಂದ ಒಂದು ಪಕ್ಕಕ್ಕೆ ಒತ್ತಿ ಹಿಡಿದರೆ ಮಾತ್ರ ಕೂಡುತ್ತವೆ. ಮೂವತ್ತೆಂಟು ವರ್ಷ ನಾನು ಹಾಗೆ ಒತ್ತಿದ್ದೇನೆ, ರಾಣೆಬೆನ್ನೂರಿನಲ್ಲಿ ಹದಿಮೂರು ವರ್ಷ, ಈ ಪರದೇಶಕ್ಕೆ ಬಂದ ಮೇಲೆ ಇಪ್ಪತ್ತೈದು.

ಎಡಗೈಯವರಿಗೆಂದೇ ಮಾಡಿದ ಕತ್ತರಿ ಇರುತ್ತದೆಂದು ನನಗೆ ಗೊತ್ತಾದದ್ದೇ ಇತ್ತೀಚೆಗೆ. ಆನ್‌ಲೈನಿನಲ್ಲಿ ಎರಡು ಸಲ ತರಿಸಿದೆ. ಎರಡೂ ಮೋಸ. ಹಿಡಿಕೆಯನ್ನು ಎಡಕ್ಕೆ ಬಾಗಿಸಿದ್ದರು, ಅಲಗು ಮಾತ್ರ ಅದೇ ಬಲಗೈಯದು. ಎರಡನ್ನೂ ವಾಪಸ್ ಕಳಿಸಿದೆ. ಆಮೇಲೆ ಕೋಟಿನ ತೋಳು ಗಿಡ್ಡ ಮಾಡಿಸಲು ಬಂದ ಚೀನೀ ಗಿರಾಕಿಯೊಬ್ಬಳು ನಾನು ಹೆಬ್ಬೆರಳು ತಿಕ್ಕಿಕೊಳ್ಳುವುದನ್ನು ನೋಡಿ, ಚೈನಾಟೌನಿನಲ್ಲಿ ಚಾಕು, ಕತ್ತರಿಗಳಿಗೆ ಸಾಣೆ ಹಿಡಿಯುವ ಒಬ್ಬ ಮುದುಕನಿದ್ದಾನೆ, ಅವನ ಹತ್ತಿರ ಪೂರ್ತಿ ಎಡಗೈಯ ಕತ್ತರಿ ನೋಡಿದ್ದೇನೆ ಎಂದಳು. ರಸೀತಿಯ ಹಿಂದೆ ವಿಳಾಸ ಬರೆದುಕೊಟ್ಟಳು.

ಮಗಳಿಗೆ ಫೋನಿನಲ್ಲಿ ಹೇಳಿದ್ದು ನನ್ನ ತಪ್ಪು.

"ಚೈನಾಟೌನಾ? ಒಬ್ಬಾಕೀನಾ? ಅವ್ವಾ, ಅಲ್ಲಿ ಅಂಗಡಿ ಮುಂದನ ಹಂದಿ ತೂಗ ಹಾಕಿರ್ತಾರ. ರೆಡ್ ಲೈನ್ ಟ್ರೇನ್ ಬ್ಯಾರೆ ಸೇಫ್ ಅಲ್ಲ. ಮುಂದಿನ ವಾರ ನಾ ಡ್ರೈವ್ ಮಾಡಿ ಕರ್ಕೊಂಡು ಹೋಗ್ತೀನಿ, ತಡಿ."

"ತೂಗ ಹಾಕಿದ ಹಂದಿ ಇಳದು ಬಂದು ನನ್ನ ಕಡೀತೈತೇನು?" ಎಂದೆ. ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿ, ಚೀಲದಲ್ಲಿ ನಾಲ್ಕು ಥರದ ಬಟ್ಟೆಯ ಚೂರು ಹಾಕಿಕೊಂಡು ಹೊರಟೆ. ಕತ್ತರಿ ಕೊಳ್ಳುವವರು ಬಟ್ಟೆ ಒಯ್ಯದೆ ಹೋಗಬಾರದು.

ಸ್ಕೋಕಿಯಿಂದ ಹಳದಿ ಲೈನ್, ಆಮೇಲೆ ಕೆಂಪು ಲೈನ್. ರೈಲು ಊರಿನ ಉದ್ದಕ್ಕೂ ದಕ್ಷಿಣಕ್ಕೆ ಸಾಗುತ್ತದೆ. ನನ್ನ ಪಕ್ಕದ ಸೀಟು ಕೊನೆಯವರೆಗೂ ಖಾಲಿಯೇ ಇತ್ತು. ತಲೆಯ ಮೇಲಿನ ಸ್ಕಾರ್ಫ್ ನೋಡಿಯೋ ಮುಖ ನೋಡಿಯೋ ನನಗೆ ಗೊತ್ತಿಲ್ಲ. ತೀರಿಹೋದ ನನ್ನ ಗಂಡ ಹೇಳುತ್ತಿದ್ದ, ನೀನು ನಿದ್ದೆ ಮಾಡುವಾಗಲೂ ಯಾರ ಮೇಲೋ ಜಗಳಕ್ಕೆ ಹೊರಟವಳ ಹಾಗೆ ಕಾಣುತ್ತೀ ಎಂದು. ಖಾಲಿ ಸೀಟಿನ ಮೇಲೆ ಚೀಲ ಇಟ್ಟುಕೊಂಡು ಆರಾಮಾಗಿ ಹೋದೆ.

ನಿಲ್ದಾಣದ ಮೆಟ್ಟಿಲಿಳಿದರೆ ಸೊನ್ನೆಗಿಂತ ಐದಾರು ಡಿಗ್ರಿ ಕೆಳಗಿನ ಚಳಿ, ಮೇಲೆ ಗಾಳಿ. ವೆಂಟ್‌ವರ್ತ್ ರಸ್ತೆಯ ಬಾಯಿಗೆ ಕೆಂಪು, ಹಸಿರು ಬಣ್ಣದ ಕಮಾನು. ಅದರಾಚೆ ಬೇಕರಿಗಳು, ಒಣಗಿದ ಬೇರು ನಾರುಗಳನ್ನು ಗಾಜಿನ ಭರಣಿಯಲ್ಲಿ ತುಂಬಿಟ್ಟ ಔಷಧಿ ಅಂಗಡಿಗಳು, ಹಬೆಯಿಂದ ಮಂಜಾದ ಹೋಟೆಲ್ ಕಿಟಕಿಗಳು. ಮಗಳು ಹೇಳಿದ ಹಂದಿಯೂ ಇತ್ತು, ಪಕ್ಕದಲ್ಲಿ ಬಾತುಕೋಳಿಯೂ. ಅವು ತಮ್ಮ ಪಾಡಿಗೆ ತೂಗಾಡುತ್ತಿದ್ದವು, ನಾನು ನನ್ನ ಪಾಡಿಗೆ ನಡೆದೆ. ನಿಜ ಹೇಳಬೇಕೆಂದರೆ ನಾನು ನೋಡುತ್ತಿದ್ದದ್ದು ಅಂಗಡಿಗಳನ್ನಲ್ಲ, ಮುದುಕಿಯರ ಅಂಗಿಗಳನ್ನು. ಅರಳೆ ತುಂಬಿ ಸಾಲುಸಾಲಾಗಿ ಹೊಲಿದ ತೋಳಿಲ್ಲದ ಬಂಡಿಗಳು. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ತುಂಬಿದ ಕೋಟಲ್ಲ, ಕೈಹೊಲಿಗೆ. ಗಾದಿ ಹೊಲಿಯುವವನ ಮಗಳಿಗೆ ಅದನ್ನು ನೋಡಿಕೊಂಡು ಸುಮ್ಮನೆ ಹೋಗಲು ಹೇಗೆ ಸಾಧ್ಯ? ಬಸ್ಸಿಗೆ ಕಾಯುತ್ತಿದ್ದ ಒಬ್ಬ ಮುದುಕಿಯ ಬಂಡಿಯ ಅಂಚನ್ನು ಕೇಳದೆಯೇ ಮುಟ್ಟಿ ನೋಡಿದೆ. ಅವಳು ಬೆಚ್ಚಿ ನನ್ನ ಮುಖ ನೋಡಿದಳು, ಆಮೇಲೆ ನನ್ನ ಬೆರಳು ಎಲ್ಲಿದೆ ಎಂದು ನೋಡಿದಳು. ಅಂಚನ್ನು ಒಳಮಗ್ಗುಲಿಗೆ ತಿರುವಿ ಹೊಲಿಗೆ ತೋರಿಸಿದಳು. ಎಳೆ ಒಂದೂ ಸಡಿಲವಿಲ್ಲ. ನಾನು ತಲೆದೂಗಿದೆ.

ಸಾಣೆಯವನ ಅಂಗಡಿ ಅಡ್ಡ ಬೀದಿಯಲ್ಲಿ, ರಸ್ತೆಯಿಂದ ಮೂರು ಮೆಟ್ಟಿಲು ಕೆಳಗೆ. ಗೋಡೆಯ ತುಂಬ ಹೋಟೆಲುಗಳಿಂದ ಸಾಣೆಗೆ ಬಂದ ಮಚ್ಚುಚಾಕುಗಳು, ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ. ಮುದುಕ ಒದ್ದೆ ಕಲ್ಲಿನ ಮುಂದೆ ಏಪ್ರನ್ ಕಟ್ಟಿಕೊಂಡು ಕೂತಿದ್ದ. ಗಲ್ಲಾದಲ್ಲಿ ನಲವತ್ತರ ಆಸುಪಾಸಿನ ಹೆಂಗಸು, ಅವನ ಸೊಸೆ. ಅವನಿಗೆ ಇಂಗ್ಲಿಷ್ ಬಾರದು, ಆಡಿದ್ದೆಲ್ಲ ಅವಳ ಬಾಯಿಂದಲೇ ದಾಟಬೇಕು. ನಾನು ಎಡಗೈ ಎತ್ತಿ ತೋರಿಸಿ, ಕತ್ತರಿಯ ಹಾಗೆ ಎರಡು ಬೆರಳು ಆಡಿಸಿದೆ. ಅವನ ಕಣ್ಣು ಅರಳಿತು. ಒಳಗೆ ಹೋಗಿ, ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಂದು ಕತ್ತರಿ ತಂದ. ಒಂಬತ್ತು ಇಂಚು, ಕಪ್ಪು ಹಿಡಿಕೆ. ಒರೆಸಿದ. ಎರಡೂ ಕೈಯಲ್ಲಿ ಹಿಡಿದು, ಹಿಡಿಕೆಯನ್ನು ನನ್ನ ಕಡೆಗೆ ಮಾಡಿ ಚಾಚಿದ.

ನಾನು ತೆಗೆದುಕೊಳ್ಳಲಿಲ್ಲ.

ನಮ್ಮಲ್ಲಿ ಕತ್ತರಿಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಉಪ್ಪು, ಮೆಣಸಿನಕಾಯಿ, ಚಾಕು, ಕತ್ತರಿ ಇವನ್ನೆಲ್ಲ ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಕೈಗೆ ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ ಖಂಡಿತ. ಇದನ್ನು ಯಾರೂ ಕಲಿಸಿದ್ದು ನೆನಪಿಲ್ಲ, ಕೈಗೇ ಗೊತ್ತಿರುವ ವಿಷಯ. ಅದಕ್ಕೆ ನಾನು ಗಲ್ಲಾದ ಹಲಗೆಯ ಮೇಲೆ ಬೆರಳಿನಿಂದ ತಟ್ಟಿ, "ಇಲ್ಲಿಡಿ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಚಾಚಿದ ಕೈಯನ್ನು ಹಾಗೆಯೇ ಹಿಡಿದು ನಿಂತ. ನಾನು ಇನ್ನೊಮ್ಮೆ ತಟ್ಟಿದೆ. "ಇಲ್ಲಿ. ಇಲ್ಲಿಡಿ."

ಅವನ ಮುಖ ಬಿಗಿದುಕೊಂಡಿತು. ಕತ್ತರಿಯನ್ನು ಮತ್ತೆ ಎಣ್ಣೆಬಟ್ಟೆಯಲ್ಲಿ ಸುತ್ತಿ, ಸೊಸೆಗೆ ಎರಡು ಮಾತು ಹೇಳಿ, ಕಲ್ಲಿನ ಮುಂದೆ ಹೋಗಿ ಕೂತ.

"ಅವರು ಇದನ್ನು ಮಾರುವುದಿಲ್ಲವಂತೆ," ಎಂದಳು ಸೊಸೆ.

"ಯಾಕೆ?"

ಅವಳು ಮಾವನ ಕಡೆ ಒಮ್ಮೆ ನೋಡಿದಳು. "ಕೋವಿಡ್ ಸಮಯದಲ್ಲಿ ಬರುತ್ತಿದ್ದವರು ಹೀಗೇ ಮಾಡುತ್ತಿದ್ದರು. ನಮ್ಮ ಕೈಯಿಂದ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅಲ್ಲಿಡು, ಇಲ್ಲಿಡು ಎಂದು ಬೆರಳು ತೋರಿಸುತ್ತಿದ್ದರು. ದುಡ್ಡನ್ನು ದೂರದಿಂದ ಎಸೆಯುತ್ತಿದ್ದರು. ಬೇರೆಯವರು ಮರೆತಿರಬಹುದು, ಮಾವ ಮರೆತಿಲ್ಲ."

ನನಗೆ ಮೊದಲು ಬಂದದ್ದು ಸಿಟ್ಟು. ನನಗೆ ಈ ಮಾತೇ? ನನ್ನ ಕೈ ತಾಗದಿರಲೆಂದು ಪ್ಯಾಂಟಿನ ಮಡಿಕೆಗೆ ಪಿನ್ನು ತಾನೇ ಚುಚ್ಚಿಕೊಂಡ ಗಿರಾಕಿಯನ್ನು ನಾನು ಕಂಡಿದ್ದೇನೆ. ಅಳತೆಗೆ ಟೇಪು ಎತ್ತಿದರೆ ಎರಡು ಹೆಜ್ಜೆ ಹಿಂದೆ ಸರಿದವಳನ್ನೂ ಕಂಡಿದ್ದೇನೆ. ಅವರನ್ನೆಲ್ಲ ಬಾಗಿಲು ತೋರಿಸಿ ಕಳಿಸಿದವಳು ನಾನು. ಸಿಟ್ಟಿನ ಹಿಂದೆಯೇ ನಾಚಿಕೆಯೂ ಬಂತು. ಈ ಮುದುಕ ಈಗ ಮಾಡಿದ್ದೂ ಅದನ್ನೇ ಅಲ್ಲವೇ, ನನಗೆ ಬಾಗಿಲು ತೋರಿಸುತ್ತಿದ್ದಾನೆ. ಅವನ ಜಾಗದಲ್ಲಿ ಇದ್ದಿದ್ದರೆ ನಾನು ಇಷ್ಟು ಮರ್ಯಾದೆಯಿಂದ ತೋರಿಸುತ್ತಿರಲಿಲ್ಲ.

ನಮ್ಮ ನಂಬಿಕೆಯನ್ನು ಸೊಸೆಗೆ ವಿವರಿಸಿದೆ. ಅವಳು ಅವನಿಗೆ ಹೇಳಿದಳು. ಅವನು ಕಲ್ಲಿನಿಂದ ಕಣ್ಣೆತ್ತದೆ ಏನೋ ಅಂದ.

"ಎಲ್ಲರ ಹತ್ತಿರವೂ ಒಂದು ಕತೆ ಇರುತ್ತದೆ ಅಂತಾರೆ."

ಕತೆಯಂತೆ! ನಾನು ಸೀದಾ ಅವನ ಮುಂದೆ ಹೋಗಿ ನಿಂತು ಎರಡೂ ಕೈ ಚಾಚಿದೆ. ಎಡಗೈ ಮುಂದೆ. "ಕೊಡಿ. ಕೈಗೇ ಕೊಡಿ." ಜಗಳ ಆದರೆ ಆಗಲಿ. ಇಷ್ಟು ವರ್ಷ ಯಾರ ಕೈಯಿಂದಲೂ ಕತ್ತರಿ ಇಸಿದುಕೊಳ್ಳದೆ ನಾನೇನು ಜಗಳ ಕಮ್ಮಿ ಆಡಿದ್ದೇನೆಯೇ? ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ನಾನೂ ನೋಡಿದೆ. ಕೊನೆಗೆ ಕೈ ಒರೆಸಿಕೊಂಡು ಎದ್ದ, ಬಟ್ಟೆ ಬಿಚ್ಚಿದ, ಕತ್ತರಿಯನ್ನು ನನ್ನ ಅಂಗೈಗಳ ಮೇಲಿಟ್ಟ. ಅವನ ಬೆರಳುಗಳು ಕಲ್ಲಿನ ನೀರಿನಿಂದ ತಣ್ಣಗಿದ್ದವು.

ಹಿಡಿಕೆ ನನ್ನ ಕೈಗೆ ಹೇಗೆ ಕೂತಿತೆಂದರೆ, ಇದು ಇಷ್ಟು ದಿನ ಎಲ್ಲಿತ್ತು ಅನ್ನಿಸಿತು. ಚೀಲದಿಂದ ತೆಳ್ಳನೆಯ ಮಲ್ ಬಟ್ಟೆಯ ಚೂರು ತೆಗೆದೆ, ಸೀಮೆಸುಣ್ಣದಿಂದ ಗೆರೆ ಎಳೆದೆ, ಅದುಮಿದೆ. ಬಟ್ಟೆ ತುಂಡಾಗಲಿಲ್ಲ. ಅಲಗುಗಳ ನಡುವೆ ಮಡಚಿಕೊಂಡು ಕೂತಿತು. ಇನ್ನೊಮ್ಮೆ ಅದುಮಿದೆ, ಅದೇ. ಜೀನ್ಸ್ ಬಟ್ಟೆ ತೆಗೆದೆ, ಅದನ್ನು ಅಗಿದು ಉಗುಳಿತು. "ಈ ಕತ್ತರಿಯೇ ಸರಿ ಇಲ್ಲ," ಎಂದೆ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಮುದುಕ ಕತ್ತರಿ ಇಸಿದುಕೊಂಡ. ಬಲಗೈಯವನು, ತನ್ನದಲ್ಲದ ಎಡಗೈಯಲ್ಲಿ ಹಿಡಿದು, ಮಲ್ ಬಟ್ಟೆಯನ್ನು ಈ ತುದಿಯಿಂದ ಆ ತುದಿಗೆ ಸರ್ರನೆ ಸೀಳಿದ. ಮೂವತ್ತೆಂಟು ವರ್ಷದಿಂದ ದರ್ಜಿಯಾಗಿರುವ ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

ಅವನು ನನ್ನ ಹೆಬ್ಬೆರಳು ಮುಟ್ಟಿ ತೋರಿಸಿದ. ಸೊಸೆ ಹೇಳಿದಳು: "ನೀವು ಪಕ್ಕಕ್ಕೆ ಒತ್ತುತ್ತೀರಿ. ಬಲಗೈ ಕತ್ತರಿಗೆ ನಿಮಗೆ ಅದು ಬೇಕಾಗಿತ್ತು. ಇದಕ್ಕೆ ಹಾಗೆ ಒತ್ತಿದರೆ ಅಲಗು ಬಾಯಿ ಬಿಡುತ್ತದೆ. ಇದನ್ನು ಸುಮ್ಮನೆ ಮುಚ್ಚಬೇಕು, ಅಷ್ಟೇ. ಎಷ್ಟು ವರ್ಷ ಒತ್ತಿದ್ದೀರಿ ಅಂತ ಕೇಳುತ್ತಿದ್ದಾರೆ."

ಹೇಳಿದೆ. ಅವನು ತಲೆಯಾಡಿಸಿ ಉದ್ದಕ್ಕೆ ಏನೇನೋ ಅಂದ. "ಈ ವಯಸ್ಸಿನಲ್ಲಿ ಕೈ ಹೊಸದು ಕಲಿಯುವುದಿಲ್ಲ ಅಂತಾರೆ. ನಿಮ್ಮ ಹಳೆಯ ಕತ್ತರಿ ತನ್ನಿ, ಸಾಣೆ ಹಿಡಿದು ಕೊಡುತ್ತಾರಂತೆ. ಅಥವಾ ಕೆಲಸ ಬಿಟ್ಟುಬಿಡಿ ಅಂತಾರೆ."

ಡಿಯರ್‌ಬಾರ್ನ್‌ನಿಂದ ಒಬ್ಬಳು ಸಾಲದು ಎಂದು ಇಲ್ಲೊಬ್ಬ! ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅಂತಾರಲ್ಲ, ಹಾಗೆಂದುಕೊಂಡು ತಲೆ ತಗ್ಗಿಸಿ ವಾಪಸ್ ಹೋಗುವವಳು ನಾನಲ್ಲ. "ಇವರ ವಯಸ್ಸೆಷ್ಟು?" ಎಂದು ಸೊಸೆಯನ್ನು ಕೇಳಿದೆ.

"ಎಂಬತ್ತೆರಡು."

"ಇವರಿಗೆ ಯಾರೂ ಅಂಗಡಿ ಮುಚ್ಚಿ ಅಂದಿಲ್ಲವೇ?"

ಅವಳು ನಕ್ಕಳು. "ನಾವೆಲ್ಲರೂ ಅಂದಿದ್ದೇವೆ. ನಿಮ್ಮ ಈ ಪ್ರಶ್ನೆಯನ್ನು ಮಾತ್ರ ನಾನು ಅವರಿಗೆ ದಾಟಿಸುವುದಿಲ್ಲ."

ಆಮೇಲೆ ನಡೆದದ್ದು ಜಗಳವೇ. ಅವನು ಕತ್ತರಿ ವಾಪಸ್ ಕೊಡು ಎಂದು ಕೈ ಚಾಚಿದ, ನಾನು ಕೊಡಲಿಲ್ಲ. ದುಡ್ಡು ಕೊಟ್ಟು ಒಯ್ಯುತ್ತೇನೆ ಎಂದೆ, ಕೆಲಸಕ್ಕೆ ಬಳಸದೆ ಗೋಡೆಗೆ ತೂಗುಹಾಕುವವರಿಗೆ ಮಾರುವುದಿಲ್ಲ ಎಂದ. ಅವನು ಅವನ ಭಾಷೆಯಲ್ಲಿ, ನಾನು ರಾಣೆಬೆನ್ನೂರಿನ ಕನ್ನಡದಲ್ಲಿ. ಸೊಸೆ ನಡುವೆ ಭಾಷಾಂತರ ಮಾಡುವುದನ್ನೂ ಬಿಟ್ಟಳು, ಬೇಕಾಗಿರಲಿಲ್ಲ. ಕೊನೆಗೆ ನಾನೇ ಸೊಸೆಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದೆ: ಇಲ್ಲೇ ನಿಂತು ಕಲಿಯುತ್ತೇನೆ, ಒಂದು ಮೊಳ ನೇರವಾಗಿ ಕತ್ತರಿಸಿ ತೋರಿಸಿದರೆ ಮಾರಬೇಕು. ಅವನು ಕಾಲಡಿಯ ಬುಟ್ಟಿಯಿಂದ ಚಾಕು ಒರೆಸುವ ಹಳೆಯ ಬಟ್ಟೆಗಳನ್ನು ಎತ್ತಿ ನನ್ನ ಮುಂದೆ ಬಿಸಾಡಿದ.

ಹಲಗೆಯ ತುದಿಯಲ್ಲಿ ನಿಂತು, ಅವುಗಳ ಮೇಲೆ ಗೆರೆ ಎಳೆದು ಕತ್ತರಿಸತೊಡಗಿದೆ. ಗಿರಾಕಿಗಳು ಬಂದರು, ಚಾಕು ಇಟ್ಟರು, ಒಯ್ದರು. ಮುದುಕ ನನಗೆ ಬೆನ್ನು ಮಾಡಿ ಸಾಣೆ ಹಿಡಿಯುತ್ತಿದ್ದ. ಆದರೆ ಬಟ್ಟೆ ಮಡಚಿಕೊಂಡಾಗಲೆಲ್ಲ ಆ ಸದ್ದು ಅವನಿಗೆ ಕೇಳುತ್ತಿತ್ತು, ತಿರುಗದೆಯೇ ಲೊಚಗುಟ್ಟುತ್ತಿದ್ದ. ಒಂದು ತಾಸಿನಲ್ಲಿ ಎಷ್ಟು ಸಲ ಲೊಚಗುಟ್ಟಿದನೋ. ಸೊಸೆ ಚಹಾ ತಂದಳು, ಜೊತೆಗೊಂದು ಬನ್. ಬನ್ನಿನೊಳಗೆ ಯಾವ ಮಾಂಸ ತುಂಬಿದೆಯೋ ಎಂದು ಅದನ್ನು ಬೇಡ ಅಂದೆ, ಚಹಾ ಕುಡಿದೆ. ಕಷ್ಟ ಎಲ್ಲಿತ್ತೆಂದರೆ, ಏನನ್ನೋ ಮಾಡುವುದು ಕಲಿಯುವುದಲ್ಲ, ಮಾಡದೆ ಇರುವುದನ್ನು ಕಲಿಯಬೇಕಾಗಿತ್ತು. ಹೆಬ್ಬೆರಳು ಕೇಳದೆಯೇ ಒತ್ತುತ್ತಿತ್ತು. ನೀನು ಸುಮ್ಮನಿರು, ಸುಮ್ಮನಿರು ಎಂದು ಗೊಣಗುತ್ತ ಕತ್ತರಿಸಿದೆ. ಎರಡನೆಯ ತಾಸಿನಲ್ಲಿ ನಾಲ್ಕು ಬೆರಳಿನಷ್ಟು ನೇರ ಬಂತು. ಆಮೇಲೆ ಗೇಣು. ಲೊಚಗುಟ್ಟುವುದು ನಿಂತಿತ್ತು.

ಆಗಲೇ ನನಗೆ ಅದು ಕಂಡದ್ದು. ಸೀಮೆಸುಣ್ಣದ ಗೆರೆ. ಕತ್ತರಿಯ ಬಾಯಿಯ ಮುಂದೆ, ಪೂರ್ತಿ, ಬಿಚ್ಚಿಟ್ಟ ಹಾಗೆ ಕಾಣುತ್ತಿತ್ತು. ಬಲಗೈ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಮೇಲಿನ ಅಲಗು ಗೆರೆಯ ಮೇಲೆಯೇ ಕೂರುತ್ತದೆ, ಕತ್ತರಿಸುವ ಜಾಗ ಕಾಣುವುದೇ ಇಲ್ಲ. ಎಲ್ಲ ದರ್ಜಿಗಳೂ ಹಾಗೇ ಕತ್ತರಿಸುತ್ತಾರೆಂದು ನಾನು ತಿಳಿದಿದ್ದೆ. ಕಾಣದೆಯೇ ಕತ್ತರಿಸುವುದೇ ಕಸುಬು ಎಂದುಕೊಂಡಿದ್ದೆ. ಉಳಿದವರಿಗೆಲ್ಲ ಮೊದಲ ದಿನದಿಂದಲೇ ಇದು ಕಾಣುತ್ತಿತ್ತೇ? ನನಗೆ ಕಲಿಸಿದವರಿಗೆ? ಏಟು ಕೊಟ್ಟವರೆಲ್ಲ ಇದ್ದರು, ಇಂಥದೊಂದು ಕತ್ತರಿ ಇದೆ ಎಂದು ಹೇಳಿದವರು ಒಬ್ಬರೂ ಇರಲಿಲ್ಲ. ಕಣ್ಣು ತುಂಬಿ ಬಂತು. ಅದು ದುಃಖವಲ್ಲ, ಸಿಟ್ಟು.

ಒಂದು ಮೊಳ ಕತ್ತರಿಸಿ ಅವನ ಮುಂದೆ ಹಿಡಿದೆ. ಅವನು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಂಚನ್ನು ಉಗುರಿನಿಂದ ಸವರಿ, ಒಂದೇ ಮಾತು ಅಂದ. "ಪರವಾಗಿಲ್ಲ ಅಂದರು," ಎಂದಳು ಸೊಸೆ, "ಅವರ ಬಾಯಲ್ಲಿ ಅದು ದೊಡ್ಡ ಮಾತು." ಮತ್ತೊಮ್ಮೆ ಅಲಗು ಒರೆಸಿ, ಕತ್ತರಿಯನ್ನು ಕಟ್ಟಿ, ಈ ಸಲ ಅವನೇ ಹಲಗೆಯ ಮೇಲಿಟ್ಟ. ನಾನೇ ಎತ್ತಿಕೊಂಡೆ. ಇಬ್ಬರಿಗೂ ದಿನಕ್ಕೊಂದು ಜಗಳ ಸಾಕಾಗಿತ್ತು.

ಕೈನೋವು ಮಾಯವಾಯಿತು ಎಂದು ನಾನು ಹೇಳುವುದಿಲ್ಲ. ಸವೆದ ಕೀಲು ಮತ್ತೆ ಬೆಳೆಯುವುದಿಲ್ಲ. ಆದರೆ ಆ ವಾರ ಪೂರ್ತಿ ಹೊಸ ಕತ್ತರಿಯಲ್ಲೇ ಕೆಲಸ ಮಾಡಿದೆ, ಸಂಜೆ ಹೊತ್ತಿಗೆ ಬರುತ್ತಿದ್ದ ಉರಿ ಬರಲಿಲ್ಲ. ಶನಿವಾರ ಮಗಳು ಬಂದಳು. ಕಾರಿನ ತುಂಬ ಪ್ಯಾಕ್ ಮಾಡಲು ರಟ್ಟಿನ ಡಬ್ಬಿಗಳು. ಅವ್ವ ಹೂಂ ಅನ್ನದಿದ್ದರೂ ಡಬ್ಬಿ ನೋಡಿದ ಮೇಲೆ ಅಂದಾಳು ಎಂಬ ಲೆಕ್ಕ. ನಾನು ಮದುವೆಯ ಬಟ್ಟೆಯೊಂದನ್ನು ಹಾಸಿಕೊಂಡು ಕತ್ತರಿಸುತ್ತಿದ್ದೆ, ನಿಲ್ಲಿಸಲಿಲ್ಲ. ಅವಳು ಡಬ್ಬಿ ಹಿಡಿದುಕೊಂಡೇ ನೋಡುತ್ತ ನಿಂತಳು.

"ಅವ್ವಾ, ನೀ ಬಗ್ಗಿ ನೋಡವಲ್ಲೆಲ್ಲ? ಯಾವಾಗ್ಲೂ ಬಟ್ಟಿ ಮ್ಯಾಲೆ ಮೂಗು ಇಟ್ಟು ಕತ್ತರಿಸ್ತಿದ್ದಿ."

"ಈಗ ಗೆರಿ ಕಾಣ್ತೈತಿ."

"ಮೊದಲ ಕಾಣ್ತಿರಲಿಲ್ಲೇನು?"

"ಇಲ್ಲ. ಅಲಗು ಮುಚ್ಚತಿತ್ತು. ಅಂದಾಜಿನ ಮ್ಯಾಲೆ ಹೊಡೀತಿದ್ದೆ."

ಅವಳು ಡಬ್ಬಿ ಕೆಳಗಿಟ್ಟಳು. "ನನ್ನ ಸ್ಕೂಲ್ ಕಾನ್ಸರ್ಟ್ ಡ್ರೆಸ್?"

"ಅಂದಾಜಿನ ಮ್ಯಾಲೆ."

"ಹೈಸ್ಕೂಲ್ ಮುಗಿದಾಗಿನ ಪ್ರಾಮ್ ಪಾರ್ಟಿ ಗೌನು? ನಿಖಾದ ಘಾಗ್ರಾ?"

"ಎಲ್ಲಾ."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಏನು ಮಾಡ್ತಿದ್ದಿ? ಆವಾಗ್ಲೇ ಅಂಗಡಿ ಮುಚ್ಚು ಅಂತಿದ್ದಿ." ಕತ್ತರಿ ಕೆಳಗಿಟ್ಟು ಅವಳ ಕಡೆ ತಿರುಗಿದೆ. "ಕಾಣದ ಅಷ್ಟು ಹೊಲದೀನಿ. ಈಗ ಕಾಣಾಕತ್ತೈತಿ. ಈಗ ಬಿಡು ಅಂತೀ ಏನು?"

ಅವಳು ಡಬ್ಬಿಗಳನ್ನು ಒಂದೊಂದಾಗಿ ಕಾರಿಗೆ ವಾಪಸ್ ಒಯ್ದಳು. ನಾನು ಸಹಾಯ ಮಾಡಲಿಲ್ಲ. ನನಗೆ ಕೆಲಸವಿತ್ತು.